ಉತ್ತರಾಯಣ, ಮಕರ ಸಂಕ್ರಮಣ ಮತ್ತು ಗುರು-ಶನಿ ಯುತಿ: ಶಾಸ್ತ್ರವೇನು, ಗಣಿತವೇನು?

ಡಿಸೆಂಬರ್ ತಿಂಗಳ ಮೂರನೆಯ ವಾರ ಸಮೀಪಿಸುತ್ತಿದ್ದಂತೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಶಾಲೆಯ ಪುಸ್ತಕದಲ್ಲಿ ಸೂರ್ಯನು ಡಿಸೆಂಬರ್ 21 ಅಥವಾ 22ರಂದು ಉತ್ತರಾಭಿಮುಖನಾಗುತ್ತಾನೆಂದು ಓದಿದ ಮಕ್ಕಳು, ಮನೆಯಲ್ಲಿ ಉತ್ತರಾಯಣವನ್ನು ಜನವರಿ 14 ಅಥವಾ 15ರಂದು ಏಕೆ ಆಚರಿಸುತ್ತೇವೆಂದು ಕೇಳುತ್ತಾರೆ. ಇದು ಮೊದಲನೆಯದು. ಗ್ರಹಗಳು ಒಂದೇ ರಾಶಿಯಲ್ಲಿ ಸೇರುವ ಸುದ್ದಿ ಬಂದ ವರ್ಷ ಹಿರಿಯರು ಕೇಳುವುದು ಎರಡನೆಯದು: ಮದುವೆ, ಉಪನಯನ, ಗೃಹಪ್ರವೇಶಗಳನ್ನು ಇಟ್ಟುಕೊಳ್ಳಬಹುದೆ, ಶಾಂತಿ ಮಾಡಿಸಬೇಕೆ, ಅನಿಷ್ಟವೇನಾದರೂ ಕಾದಿದೆಯೆ? ಈ ಎರಡೂ ಪ್ರಶ್ನೆಗಳು 2020ರ ಡಿಸೆಂಬರ್ 21ರಂದು ಒಂದೇ ದಿನ ಕೂಡಿಬಂದವು. ಅಂದು ಸೂರ್ಯನ ದಕ್ಷಿಣ ಸಂಚಾರ ಮುಗಿಯಿತು. ಅದೇ ದಿನ ಗುರು ಮತ್ತು ಶನಿ ಗ್ರಹಗಳು ಸುಮಾರು 400 ವರ್ಷಗಳಲ್ಲಿ ಕಾಣದಷ್ಟು ಸಮೀಪಕ್ಕೆ ಬಂದವು. ಆ ದಿನವನ್ನೇ ನಿದರ್ಶನವಾಗಿಟ್ಟುಕೊಂಡು ಶಾಸ್ತ್ರ ಹೇಳುವುದನ್ನೂ ಗಣಿತ ತೋರಿಸುವುದನ್ನೂ ಪ್ರತ್ಯೇಕವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಉತ್ತರಾಯಣಗಳು ಏಕೆ?

ಭೂಮಿಯ ಅಕ್ಷವು ಸುಮಾರು 23 ಅಂಶ 26 ಕಲೆಗಳಷ್ಟು ವಾಲಿರುವುದರಿಂದ ಸೂರ್ಯನು ವರ್ಷದಲ್ಲಿ ಒಮ್ಮೆ ಉತ್ತರದ ಕೊನೆಯನ್ನೂ ಒಮ್ಮೆ ದಕ್ಷಿಣದ ಕೊನೆಯನ್ನೂ ಮುಟ್ಟುತ್ತಾನೆ. 2020ರಲ್ಲಿ ಅವನು ದಕ್ಷಿಣದ ಕೊನೆಯನ್ನು ಮುಟ್ಟಿದ್ದು ಡಿಸೆಂಬರ್ 21ರ ಮಧ್ಯಾಹ್ನ 3 ಗಂಟೆ 32 ನಿಮಿಷಕ್ಕೆ. ಉತ್ತರಾರ್ಧ ಗೋಳದಲ್ಲಿ ಅಂದು ಹಗಲು ಅತ್ಯಂತ ಚಿಕ್ಕದು. ಆದರೆ ಎಲ್ಲ ಊರುಗಳಿಗೂ ಒಂದೇ ಸಮನಾಗಿ ಚಿಕ್ಕದಲ್ಲ. ದೆಹಲಿಯಲ್ಲಿ ಹಗಲು ಸುಮಾರು 10 ಗಂಟೆ 20 ನಿಮಿಷಗಳಷ್ಟಿದ್ದರೆ ಮುಂಬೈನಲ್ಲಿ ಸುಮಾರು 11 ಗಂಟೆಗಳು, ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಸುಮಾರು 11 ಗಂಟೆ 20 ನಿಮಿಷಗಳು.

ಹಾಗಾದರೆ ಸಂಕ್ರಾಂತಿ ಏಕೆ ಹಿಂದೆ ಬಿತ್ತು? ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ತಲೆ ತಿರುಗಿಸುತ್ತ ಸುಮಾರು 25,800 ವರ್ಷಗಳಿಗೆ ಒಂದು ಸುತ್ತು ಹಾಕುತ್ತದೆ. ಇದರ ಫಲವಾಗಿ ಅಯನ ಮತ್ತು ವಿಷುವ ಬಿಂದುಗಳು ನಕ್ಷತ್ರಗಳ ಹಿನ್ನೆಲೆಯಲ್ಲಿ ವರ್ಷಕ್ಕೆ ಸುಮಾರು 50 ವಿಕಲೆಗಳಷ್ಟು, ಎಂದರೆ 72 ವರ್ಷಗಳಿಗೆ ಒಂದು ಅಂಶದಷ್ಟು, ಹಿಂದೆ ಸರಿಯುತ್ತವೆ. ಋತುಗಳನ್ನು ಅನುಸರಿಸುವ ವರ್ಷಕ್ಕಿಂತ ನಕ್ಷತ್ರಗಳನ್ನು ಅನುಸರಿಸುವ ವರ್ಷವು ಸುಮಾರು 20 ನಿಮಿಷಗಳಷ್ಟು ದೀರ್ಘವಾದದ್ದು. ಇಂಗ್ಲಿಷ್ ಕ್ಯಾಲೆಂಡರು ಮೊದಲನೆಯದನ್ನೂ ನಮ್ಮ ನಿರಯಣ ಪಂಚಾಂಗವು ಎರಡನೆಯದನ್ನೂ ಅನುಸರಿಸುವುದರಿಂದ ಸುಮಾರು 72 ವರ್ಷಗಳಿಗೊಮ್ಮೆ ಸಂಕ್ರಾಂತಿ ಒಂದು ದಿನ ಮುಂದಕ್ಕೆ ಹೋಗುತ್ತದೆ. ಸ್ವಾಮಿ ವಿವೇಕಾನಂದರು ಜನಿಸಿದ್ದು 1863ರ ಜನವರಿ 12ರಂದು; ಅಂದು ಮಕರ ಸಂಕ್ರಾಂತಿಯಾಗಿತ್ತು. ಈಗ ಅದೇ ಪರ್ವವು ಜನವರಿ 14 ಅಥವಾ 15ಕ್ಕೆ ಬರುತ್ತಿದೆ.

ಈ ಅಂತರಕ್ಕೆ ಅಯನಾಂಶವೆಂದು ಹೆಸರು. ಖ್ಯಾತ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕಗೊಂಡು 1955ರಲ್ಲಿ ವರದಿ ನೀಡಿದ ಪಂಚಾಂಗ ಸುಧಾರಣಾ ಸಮಿತಿಯು 1956ರ ಮಾರ್ಚ್ 21ಕ್ಕೆ ಅಯನಾಂಶವನ್ನು 23 ಅಂಶ 15 ಕಲೆ ಎಂದು ನಿಗದಿಪಡಿಸಿತು. ಸಮಿತಿಯ ಕಾರ್ಯದರ್ಶಿಯಾಗಿದ್ದವರು ಎನ್. ಸಿ. ಲಾಹಿರಿ, ಆದುದರಿಂದಲೇ ಇದು ಲಾಹಿರಿ ಅಯನಾಂಶವೆಂದು ಪ್ರಸಿದ್ಧವಾಯಿತು. 2020ರ ಅಂತ್ಯಕ್ಕೆ ಅದು 24 ಅಂಶಗಳನ್ನು ದಾಟಿತ್ತು. ಸೂರ್ಯನು ದಿನಕ್ಕೆ ಸುಮಾರು ಒಂದು ಅಂಶ ಚಲಿಸುವುದರಿಂದ ಡಿಸೆಂಬರ್ 21ಕ್ಕೂ ಜನವರಿ 14ಕ್ಕೂ ಇರುವ 24 ದಿನಗಳ ಅಂತರದ ಲೆಕ್ಕ ಇಲ್ಲಿಯೇ ಸರಿಹೋಗುತ್ತದೆ. ಇದೇ ಗಣನೆಯಂತೆ ಹಿಂದಕ್ಕೆ ಹೋದರೆ ಕ್ರಿ.ಶ. ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಅಯನವೂ ಸಂಕ್ರಮಣವೂ ಒಂದೇ ದಿನ ಬರುತ್ತಿದ್ದವು.

ಪ್ರಾಚೀನರಿಗೆ ಈ ವಿಷಯ ತಿಳಿದಿರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ವೇದಾಂಗ ಜ್ಯೋತಿಷವು ಸೂರ್ಯನು ಧನಿಷ್ಠಾ ನಕ್ಷತ್ರದ ಆದಿಯಲ್ಲಿರುವಾಗ ಉತ್ತರಾಯಣವೆಂದಿತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಪೂರ್ವಶಾಸ್ತ್ರಗಳಲ್ಲಿ ಹೇಳಿರುವುದರಿಂದ ಒಂದಾನೊಂದು ಕಾಲಕ್ಕೆ ಹಾಗೆ ಇದ್ದಿರಲೇಬೇಕು, ಆದರೆ ತನ್ನ ಕಾಲಕ್ಕೆ ಅಯನವು ಮಕರದ ಆದಿಗೆ ಬಂದಿದೆ ಎಂದು ಸ್ಪಷ್ಟವಾಗಿ ದಾಖಲಿಸಿ, ವ್ಯತ್ಯಾಸವನ್ನು ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿಯಬೇಕೆಂದೂ ಸೂಚಿಸಿದನು. ಆದುದರಿಂದ ಮಕ್ಕಳ ಪ್ರಶ್ನೆಗೆ ಉತ್ತರವಿಷ್ಟು: ಆಕಾಶದ ಉತ್ತರಾಯಣ ಡಿಸೆಂಬರಿನದು, ನಿರಯಣ ರಾಶಿಚಕ್ರವನ್ನು ಆಧರಿಸಿದ ಆಚರಣೆಯ ಉತ್ತರಾಯಣ ಜನವರಿಯದು. ಮೊದಲನೆಯದು ಖಗೋಳದ ಸತ್ಯ, ಎರಡನೆಯದು ಪರಂಪರೆಯ ನಿರ್ಣಯ; ಒಂದನ್ನು ಒಪ್ಪಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಗವಿಪುರದ ಸಾಕ್ಷ್ಯ

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವಿನಿಂದ ಹಾಯ್ದು ಶಿವಲಿಂಗವನ್ನು ಸ್ಪರ್ಶಿಸುವ ದೃಶ್ಯ ಎಲ್ಲರಿಗೂ ಪರಿಚಿತ. ಸೂರ್ಯನು ದಕ್ಷಿಣದ ಕೊನೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವುದರಿಂದ, ಡಿಸೆಂಬರ್ 21ಕ್ಕೆ 24 ದಿನಗಳ ಅನಂತರ ಅವನು ಇರುವ ಸ್ಥಾನದಲ್ಲಿಯೇ 24 ದಿನಗಳ ಮುಂಚೆಯೂ ಇರುತ್ತಾನೆ. ಎಂದರೆ ನವೆಂಬರ್ ಕೊನೆಯ ದಿನಗಳಲ್ಲಿಯೂ ಅದೇ ಕಿರಣ ಅದೇ ಕಿಂಡಿಯಿಂದ ಒಳಬರುತ್ತದೆ. ಜನಸಂದಣಿಯಿಲ್ಲದ ಆ ದಿನಗಳಲ್ಲಿ ಅದನ್ನು ಗಮನಿಸುವವರು ವಿರಳ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳಿವೆ. ಇನ್ನು ಗ್ರಂಥಗಳ ವಿಷಯಕ್ಕೆ ಬಂದರೆ, ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ ಶ್ರೀಧರಾಚಾರ್ಯನು ರಚಿಸಿದ 'ಜಾತಕತಿಲಕ'ವು ಕನ್ನಡದ ಮೊದಲ ಜ್ಯೋತಿಷ ಗ್ರಂಥವೆಂದು ಮಾನ್ಯವಾಗಿದೆ. ಆಕಾಶವನ್ನು ಅಳೆಯುವ ಮತ್ತು ಅದರ ಫಲವನ್ನು ಅರಸುವ ಎರಡೂ ಪ್ರವೃತ್ತಿಗಳು ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಂದ ಜೊತೆಯಾಗಿಯೇ ಬಂದಿವೆ.

ಗುರು-ಶನಿ ಯುತಿಯ ಗಣಿತ

ಗುರುವು ರಾಶಿಚಕ್ರವನ್ನು ಸುತ್ತಲು 11.86 ವರ್ಷಗಳನ್ನೂ ಶನಿಯು 29.46 ವರ್ಷಗಳನ್ನೂ ತೆಗೆದುಕೊಳ್ಳುತ್ತವೆ. ವೇಗವಾಗಿ ಚಲಿಸುವ ಗುರುವು ನಿಧಾನಿಯಾದ ಶನಿಯನ್ನು ಸರಿಸುಮಾರು 20 ವರ್ಷಗಳಿಗೊಮ್ಮೆ ಹಿಂದಿಕ್ಕುತ್ತದೆ. ಆ ಘಟ್ಟವೇ ಗುರು-ಶನಿ ಯುತಿ. ಒಂದು ಯುತಿಯಿಂದ ಮುಂದಿನ ಯುತಿಗೆ ಸ್ಥಾನವು ರಾಶಿಚಕ್ರದ ಮೂರನೆಯ ಎರಡು ಭಾಗದಷ್ಟು ಮುಂದೆ ಸರಿಯುವುದರಿಂದ, ಮೂರು ಯುತಿಗಳಾಗುವಷ್ಟರಲ್ಲಿ, ಎಂದರೆ ಸುಮಾರು 60 ವರ್ಷಗಳಿಗೆ, ಅದು ಮೊದಲಿನ ಸ್ಥಳದ ಸಮೀಪಕ್ಕೇ ಹಿಂದಿರುಗುತ್ತದೆ. ಪ್ರಭವದಿಂದ ಅಕ್ಷಯದವರೆಗಿನ ನಮ್ಮ 60 ಸಂವತ್ಸರಗಳ ಚಕ್ರವು ಗುರುವಿನ ಚಲನೆಯನ್ನು ಆಧರಿಸಿದ್ದು. ಗುರುವಿನ ಐದು ಸುತ್ತುಗಳೂ ಶನಿಯ ಎರಡು ಸುತ್ತುಗಳೂ ಹೆಚ್ಚುಕಡಮೆ ಇದೇ ಅವಧಿಯಲ್ಲಿ ಮುಗಿಯುತ್ತವೆ.

ಇದಕ್ಕೆ ಉದಾಹರಣೆ ನಮ್ಮ ಜೀವಿತಾವಧಿಯಲ್ಲಿಯೇ ದೊರೆಯುತ್ತದೆ. 1961ರ ಫೆಬ್ರವರಿಯ ಯುತಿ ನಿರಯಣ ಮಕರ ರಾಶಿಯಲ್ಲಿ ನಡೆಯಿತು. ಆಗ ಶಾರ್ವರಿ ಸಂವತ್ಸರ. 1980ರ ಡಿಸೆಂಬರ್ ಅಂತ್ಯದಿಂದ 1981ರ ಜುಲೈವರೆಗೆ ಕನ್ಯಾ ರಾಶಿಯಲ್ಲಿ ಮೂರು ಬಾರಿ ಯುತಿಯಾಯಿತು. 2000ದ ಮೇ 28ರಂದು ಮೇಷದಲ್ಲಿ, 2020ರ ಡಿಸೆಂಬರ್ 21ರಂದು ಮತ್ತೆ ಮಕರದಲ್ಲಿ ಯುತಿಯಾಯಿತು. ಆಗಲೂ ಶಾರ್ವರಿ ಸಂವತ್ಸರವೇ. ಮುಂದಿನ ಯುತಿ 2040ರ ಅಕ್ಟೋಬರ್ 31ರಂದು, ಪುನಃ ಕನ್ಯಾ ರಾಶಿಯಲ್ಲಿ. ಈ ಚಕ್ರವೂ ನಿಖರವಾದದ್ದಲ್ಲ, ಪ್ರತಿ 60 ವರ್ಷಗಳಿಗೆ ಕೆಲವು ಅಂಶಗಳಷ್ಟು ಮುಂದೆ ಜಾರುತ್ತದೆ. ಆದುದರಿಂದ 2060ರ ಯುತಿ ಮೇಷವನ್ನು ಬಿಟ್ಟು ವೃಷಭಕ್ಕೆ ಬೀಳುತ್ತದೆ.

2020ರ ಯುತಿಯಲ್ಲಿ ಎರಡು ಗ್ರಹಗಳ ನಡುವಿನ ತೋರಿಕೆಯ ಅಂತರ ಸುಮಾರು 6 ಕಲೆಗಳು, ಎಂದರೆ ಪೂರ್ಣಚಂದ್ರನ ಅಗಲದ ಐದನೆಯ ಒಂದು ಭಾಗ. ಇಷ್ಟು ಸಮೀಪದ ಯುತಿ ಹಿಂದೆ ನಡೆದದ್ದು 1623ರ ಜುಲೈಯಲ್ಲಿ; ಆದರೆ ಆಗ ಗ್ರಹಗಳು ಸೂರ್ಯನ ಸಮೀಪದಲ್ಲಿದ್ದುದರಿಂದ ಕಾಣುವುದು ಕಷ್ಟವಾಗಿತ್ತು. ಬರಿಗಣ್ಣಿಗೆ ಸುಲಭವಾಗಿ ಕಾಣುವಂತಹ ಇಂತಹ ಯುತಿಗಾಗಿ 1226ನೆಯ ಇಸವಿಯವರೆಗೆ ಹಿಂದೆ ಹೋಗಬೇಕು. ಮತ್ತೆ ಇಂತಹುದು ಬರುವುದು 2080ರ ಮಾರ್ಚ್‌ನಲ್ಲಿ. ಆದರೆ ಈ ಸಾಮೀಪ್ಯ ನಮ್ಮ ಕಣ್ಣಿಗೆ ಮಾತ್ರ. ಅಂದು ಗುರುವು ಭೂಮಿಯಿಂದ ಸುಮಾರು 89 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ ಶನಿಯು ಸುಮಾರು 162 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಪರಸ್ಪರ ಅವು 70 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದವು.

ಶಾಸ್ತ್ರದ ದೃಷ್ಟಿಯಲ್ಲಿ ಫಲ

ಗೋಚಾರ ಫಲವನ್ನು ಹೇಳುವ ಕ್ರಮ ಹೇಗೆಂಬುದನ್ನು ವಾಚಕರು ತಿಳಿದಿದ್ದರೆ ಅನಗತ್ಯವಾದ ಭಯ ಅರ್ಧ ಕಡಿಮೆಯಾಗುತ್ತದೆ. ಜನ್ಮರಾಶಿಯಿಂದ ಎಣಿಸಿದಾಗ ಗುರುವು 2, 5, 7, 9 ಮತ್ತು 11ನೆಯ ಸ್ಥಾನಗಳಲ್ಲಿ ಶುಭ. ಶನಿಯು 3, 6 ಮತ್ತು 11ರಲ್ಲಿ ಶುಭ. ಈ ಸೂತ್ರವನ್ನು 2020ರ ಮಕರ ಯುತಿಗೆ ಅನ್ವಯಿಸಿದರೆ ಧನು, ಕನ್ಯಾ, ಕರ್ಕಾಟಕ, ವೃಷಭ ಮತ್ತು ಮೀನ ರಾಶಿಯವರಿಗೆ ಗುರುಬಲ. ವೃಶ್ಚಿಕ, ಸಿಂಹ ಮತ್ತು ಮೀನ ರಾಶಿಯವರಿಗೆ ಶನಿಯ ಅನುಕೂಲ. ಧನು, ಮಕರ, ಕುಂಭ ರಾಶಿಯವರಿಗೆ ಸಾಡೇಸಾತಿ, ಮಿಥುನಕ್ಕೆ ಅಷ್ಟಮ ಶನಿ, ತುಲೆಗೆ ನಾಲ್ಕನೆಯ ಶನಿ. ಮೇಷಕ್ಕೆ ಎರಡೂ ಹತ್ತನೆಯ ಸ್ಥಾನದಲ್ಲಿದ್ದುದರಿಂದ ವಿಶೇಷ ಅನುಕೂಲವಿಲ್ಲ. ಎರಡೂ ಗ್ರಹಗಳ ಬಲ ಒಟ್ಟಿಗೆ ದೊರೆತದ್ದು ಮೀನ ರಾಶಿಗೆ ಮಾತ್ರ.

ಮಕರವು ಗುರುವಿಗೆ ನೀಚಸ್ಥಾನ, ಶನಿಗೆ ಸ್ವಕ್ಷೇತ್ರ. ನೀಚ ಗುರುವಿನ ಜೊತೆಗೆ ಆ ರಾಶಿಯ ಅಧಿಪತಿಯೇ ಇದ್ದುದರಿಂದ ನೀಚಭಂಗವಾಗುತ್ತದೆಂದು ಜ್ಯೋತಿಷಿಗಳು ವ್ಯಾಖ್ಯಾನಿಸಿದರು. ಗುರುವು ಧರ್ಮ ಮತ್ತು ವಿದ್ಯೆಗೆ, ಶನಿಯು ಶ್ರಮ ಮತ್ತು ಸಂಯಮಕ್ಕೆ ಕಾರಕರಾದುದರಿಂದ ಈ ಯುತಿಯನ್ನು ಪರಿಶ್ರಮ ಮತ್ತು ಪುನರ್ವ್ಯವಸ್ಥೆಯ ಕಾಲವೆಂದು ಹೇಳುವುದು ವಾಡಿಕೆ. ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಶಾಸ್ತ್ರದ ಸೂತ್ರವೇ ಒಂದು ಯುತಿಗೆ ಹನ್ನೆರಡು ಬೇರೆ ಬೇರೆ ಫಲಗಳನ್ನು ಹೇಳುತ್ತದೆ. ಹೀಗಿರುವಾಗ ಸರ್ವರಿಗೂ ಸರ್ವನಾಶವೆಂದು ಸಾರುವುದು ಶಾಸ್ತ್ರವನ್ನು ಬಲ್ಲವರ ಮಾತಾಗಲಾರದು.

ಗ್ರಹಯುತಿಯ ಅಧ್ಯಾಯದಲ್ಲಿ ಸೂರ್ಯಸಿದ್ಧಾಂತವು ಉಲ್ಲೇಖ, ಭೇದ, ಅಂಶುವಿಮರ್ದ, ಅಪಸವ್ಯ ಎಂಬ ಗ್ರಹಯುದ್ಧದ ಪ್ರಕಾರಗಳನ್ನು ವಿವರಿಸಿದೆ. ಅಷ್ಟನ್ನೆಲ್ಲ ಹೇಳಿದ ಮೇಲೆ ಅದೇ ಅಧ್ಯಾಯದ ಕೊನೆಯಲ್ಲಿ, ಇದು ಲೋಕದ ಶುಭಾಶುಭವನ್ನು ತಿಳಿಯಲೆಂದು ತೋರಿಸಿದ ಕಲ್ಪನೆ, ವಾಸ್ತವವಾಗಿ ಗ್ರಹಗಳು ಪರಸ್ಪರ ದೂರದಲ್ಲಿದ್ದು ತಮ್ಮ ತಮ್ಮ ಮಾರ್ಗದಲ್ಲಿಯೇ ಸಾಗುತ್ತವೆ ಎಂಬ ಅರ್ಥದ ಮಾತಿದೆ. ಗ್ರಹಗಳ ಹೋರಾಟವು ನೋಟದ ಹೋರಾಟವೆಂಬುದನ್ನು ಸಿದ್ಧಾಂತಕಾರರೇ ಮರೆಮಾಚದೆ ಹೇಳಿದ್ದಾರೆ.

ಹಿಂದಿನ ಭೀತಿಗಳು

1962ರ ಫೆಬ್ರವರಿ ಮೊದಲ ವಾರದಲ್ಲಿ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ ಮತ್ತು ಕೇತು ಮಕರದಲ್ಲಿ ಸೇರಿದ ಅಷ್ಟಗ್ರಹ ಕೂಟವನ್ನು ನಮ್ಮ ಹಿರಿಯರು ಮರೆತಿಲ್ಲ. ಪ್ರಳಯವಾಗುವುದೆಂಬ ಭೀತಿ ದೇಶವ್ಯಾಪಿಯಾಗಿ ಹಬ್ಬಿ ಊರೂರುಗಳಲ್ಲಿ ಹೋಮ, ಜಪ, ಅಖಂಡ ಭಜನೆಗಳು ನಡೆದವು. ಅನೇಕರು ಪ್ರಯಾಣವನ್ನೂ ವ್ಯವಹಾರವನ್ನೂ ಮುಂದೂಡಿದರು. ಫೆಬ್ರವರಿ 5ರ ಸೂರ್ಯಗ್ರಹಣವೂ ಸೇರಿಕೊಂಡಿತಾದರೂ ಅದು ಭಾರತದಲ್ಲಿ ಗೋಚರಿಸಲಿಲ್ಲ. ಆ ದಿನಗಳು ಎಂದಿನಂತೆ ಕಳೆದವು. ಅದೇ ತಿಂಗಳ 19ರಿಂದ 25ರವರೆಗೆ ದೇಶದಲ್ಲಿ ಮೂರನೆಯ ಮಹಾಚುನಾವಣೆ ನಡೆಯಿತು. ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಆರಂಭವಾದಾಗ ಅದನ್ನು ಎಂಟು ತಿಂಗಳ ಹಿಂದಿನ ಕೂಟಕ್ಕೆ ಜೋಡಿಸಿದವರಿದ್ದರು.

ಇಂತಹ ಭೀತಿ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. 1974ರಲ್ಲಿ ಪ್ರಕಟವಾದ 'ದಿ ಜುಪಿಟರ್ ಎಫೆಕ್ಟ್' ಎಂಬ ಇಂಗ್ಲಿಷ್ ಪುಸ್ತಕವು 1982ರ ಗ್ರಹಕೂಟದಿಂದ ಕ್ಯಾಲಿಫೋರ್ನಿಯಾದಲ್ಲಿ ಭಾರಿ ಭೂಕಂಪವಾದೀತೆಂದಿತು, ಅದು ಆಗಲಿಲ್ಲ. 2012ರ ಡಿಸೆಂಬರ್ 21ರಂದು ಮಾಯಾ ಜನಾಂಗದ ಕಾಲಗಣನೆಯ ಒಂದು ದೀರ್ಘ ಚಕ್ರ ಮುಗಿಯಿತೆಂಬುದನ್ನೇ ಹಿಡಿದು ಜಗತ್ತಿನ ಅಂತ್ಯದ ಮಾತು ಹರಡಿತು. ಅಂದು ಗಮನಾರ್ಹವಾದ ಗ್ರಹಕೂಟವೇ ಇರಲಿಲ್ಲ. 2019ರ ಡಿಸೆಂಬರ್ 26ರಂದು ಧನು ರಾಶಿಯಲ್ಲಿ ಆರು ಗ್ರಹಗಳಿದ್ದಾಗ ಕಾಸರಗೋಡು, ಮಂಗಳೂರು, ಕೊಡಗುಗಳಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಮರುವರ್ಷ ಕೋವಿಡ್ ಬಂದಾಗ ಅನೇಕರು ಅದರ ಮೂಲವನ್ನು ಈ ಗ್ರಹಣದಲ್ಲಿ ಹುಡುಕಿದರು. 2025ರ ಮಾರ್ಚ್ 29ರಂದು ಶನಿಯು ಮೀನವನ್ನು ಪ್ರವೇಶಿಸಿದಾಗ ಅಲ್ಲಿಯೂ ಆರು ಗ್ರಹಗಳಿದ್ದವು. ಮತ್ತೆ ಅದೇ ಚರ್ಚೆ ನಡೆಯಿತು.

ಇವುಗಳಿಂದ ಒಂದು ಸಂಗತಿ ಮನವರಿಕೆಯಾಗುತ್ತದೆ. ಗ್ರಹಕೂಟಗಳು ಆಗಾಗ ಆಗುತ್ತಲೇ ಇರುತ್ತವೆ, ಜಗತ್ತಿನಲ್ಲಿ ಕಷ್ಟಗಳೂ ಬರುತ್ತಲೇ ಇರುತ್ತವೆ. ಘಟನೆ ನಡೆದ ಮೇಲೆ ಹಿಂದಿರುಗಿ ನೋಡಿದರೆ ಯಾವುದಾದರೊಂದು ಕೂಟ ಸಿಕ್ಕಿಯೇ ಸಿಗುತ್ತದೆ. 2020ರ ಯುತಿಯ ಅನಂತರ 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾಯಿತು. ಅದೇ ವರ್ಷದ ಏಪ್ರಿಲ್-ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಅನೇಕ ಮನೆಗಳನ್ನು ಬರಿದು ಮಾಡಿತು. ಒಂದೇ ಯುತಿಯನ್ನು ಎರಡಕ್ಕೂ ಕಾರಣವೆನ್ನುವುದಾದರೆ ಅದು ಯಾವುದಕ್ಕೂ ಕಾರಣವಲ್ಲವೆಂದಂತೆಯೇ. ಭೌತಿಕ ಪ್ರಭಾವದ ವಿಷಯ ಹೇಳುವುದಾದರೆ, ಸಮುದ್ರದ ಮೇಲೆ ಗುರುವಿನ ಸೆಳೆತವು ಚಂದ್ರನಿಂದಾಗುವ ಉಬ್ಬರವಿಳಿತದ ಲಕ್ಷದಲ್ಲಿ ಒಂದು ಪಾಲಿನಷ್ಟೂ ಇಲ್ಲ.

ಮಹಾನಗರದ ಮನೆಗಳಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಪಂಚಾಂಗವನ್ನು ವಾಸವಿರುವ ಊರಿಗೆ ಹೊಂದಿಸಿಕೊಳ್ಳಬೇಕು. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ, ಸೊಲ್ಲಾಪುರದ ದಾತೆ ಪಂಚಾಂಗ, ಮುಂಬೈಯ ಕಾಲನಿರ್ಣಯ ಮುಂತಾದವು ನಮ್ಮ ಮನೆಗಳಲ್ಲಿ ಬಳಕೆಯಲ್ಲಿವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗದ ಗಣನೆಗೆ ಆಧಾರ 82 ಅಂಶ 30 ಕಲೆ ಪೂರ್ವ ರೇಖಾಂಶ. ರೇಖಾಂಶದ ಒಂದು ಅಂಶಕ್ಕೆ 4 ನಿಮಿಷಗಳಂತೆ ಬೆಂಗಳೂರಿನ ಸ್ಥಳೀಯ ಕಾಲ ಗಡಿಯಾರಕ್ಕಿಂತ ಸುಮಾರು 20 ನಿಮಿಷ, ಮುಂಬೈಯದು ಸುಮಾರು 38 ನಿಮಿಷ ಹಿಂದಿದೆ. ಸೋಮವಾರ ರಾಹುಕಾಲ 7:30ರಿಂದ 9 ಎಂಬುದು ಆರಕ್ಕೆ ಉದಯ, ಆರಕ್ಕೆ ಅಸ್ತವೆಂದು ಭಾವಿಸಿದ ಸ್ಥೂಲ ಲೆಕ್ಕ. ಡಿಸೆಂಬರ್ ಅಂತ್ಯದಲ್ಲಿ ಮುಂಬೈಯ ಸೂರ್ಯೋದಯವೇ ಏಳು ಗಂಟೆಯ ಅನಂತರ. ಹಗಲನ್ನು ಎಂಟು ಭಾಗ ಮಾಡಿದರೆ ಅಲ್ಲಿನ ಸೋಮವಾರದ ರಾಹುಕಾಲ ಸುಮಾರು ಎಂಟೂವರೆಗೆ ಆರಂಭವಾಗಿ ಹತ್ತರ ಸಮೀಪಕ್ಕೆ ಮುಗಿಯುತ್ತದೆ.

ಎರಡನೆಯದಾಗಿ, ಅತ್ಯಂತ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗಾದರೂ ಅತ್ಯಂತ ತಡವಾದ ಸೂರ್ಯೋದಯ ಅಂದಲ್ಲ. ಮುಂಬೈನಲ್ಲಿ ಜನವರಿ ಮಧ್ಯದವರೆಗೂ ಸೂರ್ಯೋದಯ ತಡವಾಗುತ್ತಲೇ ಹೋಗುತ್ತದೆ. ಧನುರ್ಮಾಸದ ಮುಂಜಾನೆಯ ಪೂಜೆ ಮಾಡಿ ಹುಗ್ಗಿ ನೈವೇದ್ಯ ಮಾಡುವವರು ಆಯಾ ದಿನದ ಉದಯಕಾಲವನ್ನು ನೋಡಿಕೊಳ್ಳುವುದೊಳಿತು.

ಮೂರನೆಯದಾಗಿ, ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥಿಯ ಅಂತ್ಯದಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಬರಬಹುದು. ಬೀಗರು ಒಂದನ್ನೂ ನಾವು ಇನ್ನೊಂದನ್ನೂ ಅನುಸರಿಸುತ್ತಿದ್ದರೆ ಕಲ್ಯಾಣ ಮಂಟಪವನ್ನು ಗೊತ್ತುಮಾಡುವ ಮುನ್ನವೇ ಇಬ್ಬರೂ ಕುಳಿತು ಒಂದು ಪಂಚಾಂಗವನ್ನು ಒಪ್ಪಿಕೊಂಡರೆ ಕೊನೆಯ ಗಳಿಗೆಯ ಮನಸ್ತಾಪ ತಪ್ಪುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಶ್ರದ್ಧೆಯಿದ್ದವರು ಗುರುವಾರ ಅಥವಾ ಶನಿವಾರ ದೇವರಿಗೆ ದೀಪ ಹಚ್ಚಲಿ, ಎಳ್ಳು ದಾನ ಮಾಡಲಿ, ಹಸಿದವರಿಗೆ ಅನ್ನ ನೀಡಲಿ. ಅದರಿಂದ ಮನಸ್ಸಿಗೆ ಸಮಾಧಾನ, ಪಡೆದವರಿಗೆ ಪ್ರಯೋಜನ. ಆದರೆ ಗ್ರಹಕೂಟದ ಹೆಸರು ಹೇಳಿ ಹೆದರಿಸಿ ಸಾವಿರಾರು ರೂಪಾಯಿಗಳ ಶಾಂತಿಗೆ ಒತ್ತಾಯಿಸುವವರ ಮಾತಿಗೆ ಸಾಲ ಮಾಡಿ ಹಣ ಕೊಡಬೇಕಾಗಿಲ್ಲ. ನಿಶ್ಚಯವಾದ ಮದುವೆಯನ್ನು ಮುರಿಯುವುದು, ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು, ಮಕ್ಕಳ ಪರೀಕ್ಷೆ ಅಥವಾ ಉದ್ಯೋಗದ ಅವಕಾಶವನ್ನು ಕೈಬಿಡುವುದು ಯಾವ ಗ್ರಹವೂ ಕೇಳದ ದಂಡ.

2040ರ ಅಕ್ಟೋಬರ್ 31ರಂದು ಗುರು-ಶನಿ ಮತ್ತೆ ಕೂಡಿದಾಗ ಇದೇ ಪ್ರಶ್ನೆಗಳು ಏಳುವುದು ಖಚಿತ. ಇಂದು ಶಾಲೆಯಲ್ಲಿರುವ ನಮ್ಮ ಮಕ್ಕಳೇ ಅಂದು ಮನೆಯ ಯಜಮಾನರಾಗಿ ಉತ್ತರ ಹೇಳಬೇಕಾದವರು. ಈ ಚಳಿಗಾಲದ ಒಂದು ಸಂಜೆ ಅವರನ್ನು ಮಹಡಿಯ ಮೇಲೆ ಕರೆದೊಯ್ದು, ಕೈಯಲ್ಲಿ ಪಂಚಾಂಗ ಹಿಡಿದು, ಗುರು ಯಾವುದು ಶನಿ ಯಾವುದೆಂದು ಹುಡುಕಿ ತೋರಿಸಿದರೆ, ಗಣಿತವನ್ನೂ ಪರಂಪರೆಯನ್ನೂ ಒಂದೇ ಪಾಠದಲ್ಲಿ ಕಲಿಸಿದಂತಾಗುತ್ತದೆ.